ದೇವಸ್ಥಾನದ ಬೀದಿಯ ಹೊಗೆಸೊಪ್ಪು

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ, ಈರುಳ್ಳಿ ತಂದರೂ ಚೀಲದ ತಳಕ್ಕೆ ಹಾಕಿ ಮೇಲೆ ಕೊತ್ತಂಬರಿ ಸೊಪ್ಪು ಹೊದಿಸಿ ತರುವ ಮನೆಗಳ ಸಾಲಿನಲ್ಲಿ, ಹಾಡಹಗಲೇ ಹೊಗೆಸೊಪ್ಪು ಬೆಳೆದ ಮನುಷ್ಯ ಒಬ್ಬರೇ, ಡಾಕ್ಟರ್ ವಾಸುದೇವಯ್ಯ. ಬೀಡಿ ಸೇದಿದವರಲ್ಲ, ನಶ್ಯ ಏರಿಸಿದವರಲ್ಲ. ಊಟದ ಮೇಲೆ ಎಲೆ ಅಡಿಕೆ ಕೊಟ್ಟರೆ ಅಡಿಕೆಯನ್ನಷ್ಟೇ ಬಾಯಿಗೆ ಹಾಕಿಕೊಂಡು, ವೀಳ್ಯದೆಲೆಯನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ವಾಪಸು ಇಡುವವರು. ಅಂಥವರ ಅಂಗಳದಲ್ಲಿ ತುಳಸಿಕಟ್ಟೆಯ ಸುತ್ತ ಮಣ್ಣಿನ ಕುಂಡಗಳು, ಕುಂಡಗಳ ತುಂಬ ಮೊರದಗಲ ಎಲೆ ಬಿಟ್ಟ ಹೊಗೆಸೊಪ್ಪು. ಮಧ್ಯಾಹ್ನ ಬೀದಿಯೆಲ್ಲ ಬಾಗಿಲು ಮುಂದಕ್ಕೆಳೆದುಕೊಂಡು ಮಲಗಿದಾಗ ಅವರು ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಭೂತಗನ್ನಡಿ ಹಿಡಿದು, ಎಲೆ ಎಲೆಯನ್ನೂ ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ ನೋಡುತ್ತಿದ್ದರು.

ಬೀದಿಯವರು ಅವರನ್ನು 'ಗಾಳಿ ಡಾಕ್ಟ್ರು' ಅನ್ನುತ್ತಿದ್ದರು. ಗಾಳಿಯ ವಿಷಯ ಓದಿ ಡಾಕ್ಟರ್ ಆದವರು ಎಂಬುದು ಅದರ ಅರ್ಥ. ಅದು ತಿಳಿಯದೆ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ಮಗುವಿಗೆ ಗಾಳಿ ಸೋಕಿದೆ, ಬಿಡಿಸಿಕೊಡಿ ಎಂದು ಅವರ ಜಗಲಿಯ ಮೇಲೆ ಬಂದು ಕೂತಿದ್ದಳಂತೆ. ಇವರು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿ, ಆಟೋ ಮಾಡಿಸಿ ಸರ್ಕಾರಿ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ ಬಂದರು. "ಆಯಮ್ಮ ಹೇಳಿದ್ದು ತೀರಾ ತಪ್ಪೇನಲ್ಲ. ಗಾಳಿ ಒಳಗೆ ಹೋಗ್ತಾ ಇರಲಿಲ್ಲ, ಅಷ್ಟೆ" ಅಂದಿದ್ದರಂತೆ. ಅವರ ಮಾತೆಲ್ಲ ಹೀಗೆಯೇ. ಎದುರಿನವರ ಮಾತಿನಲ್ಲಿ ಒಂದು ಗುಲಗಂಜಿಯಷ್ಟು ನಿಜವಿದ್ದರೂ ಅದನ್ನು ಹೆಕ್ಕಿ ಅವರ ಕೈಗೇ ಕೊಟ್ಟು, ಆಮೇಲೆ ಉಳಿದದ್ದನ್ನು ಕೆಡವುವುದು.

ನನ್ನದು ಅದಕ್ಕೆ ತದ್ವಿರುದ್ಧ ಸ್ವಭಾವ. ಚನ್ನರಾಯಪಟ್ಟಣದಲ್ಲಿ ನಮ್ಮದು ತೆಂಗಿನಕಾಯಿ ಮಂಡಿ. ಕೊಬ್ಬರಿ ಕೊಳ್ಳಲು ಬಂದವನ ಎದುರು ಅಪ್ಪ ಎರಡೂ ಕಡೆಯ ವಾದವನ್ನು ತಾವೇ ಮಾಡಿ ತಾವೇ ಗೆಲ್ಲುವುದನ್ನು ನೋಡುತ್ತ ಬೆಳೆದವಳು. ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಕಪಾಟಿನಲ್ಲಿ ಸೀರೆಗಿಂತ ಚರ್ಚಾಸ್ಪರ್ಧೆಯ ಸ್ಟೀಲು ಬಟ್ಟಲುಗಳೇ ಹೆಚ್ಚಿದ್ದವು. ದೇವರನ್ನು ನಂಬುತ್ತಿರಲಿಲ್ಲ, ಪೇಪರನ್ನು ನಂಬುತ್ತಿರಲಿಲ್ಲ. ವಿಜ್ಞಾನಿಗಳನ್ನಂತೂ, ಅವರಿಗೆ ಸಂಬಳ ಕೊಡುವವರು ಯಾರು ಎಂದು ತಿಳಿಯುವ ತನಕ ನಂಬಬಾರದು ಎಂಬುದು ನನ್ನ ಸಿದ್ಧಾಂತವಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದ ಕಾಲೇಜೊಂದರಲ್ಲಿ ಅಂತರಕಾಲೇಜು ಚರ್ಚೆ. 'ಓಜೋನ್ ಪದರದ ನಾಶವೇ ಇಂದಿನ ಬಿಸಿಲಿಗೆ ಕಾರಣ' ಎಂಬುದು ವಿಷಯ. ಆಗ ಎಲ್ಲರ ಬಾಯಲ್ಲೂ ಅದೇ. ಆಕಾಶಕ್ಕೆ ತೂತು ಬಿದ್ದಿದೆ, ತೂತಿನಿಂದ ಬಿಸಿಲು ಸುರಿಯುತ್ತಿದೆ. ಪರವಾಗಿ ಮಾತಾಡಿದವರು ಸುರಿಸಿದ್ದೂ ಅದನ್ನೇ. ನಾನು ವಿರೋಧ. "ಮಾನ್ಯರೇ, ಆ ತೂತನ್ನು ಈ ಸಭೆಯಲ್ಲಿ ಕಂಡವರು ಯಾರಾದರೂ ಇದ್ದರೆ ಕೈ ಎತ್ತಿ" ಎಂದು ಶುರು ಮಾಡಿ, ಇದೆಲ್ಲ ಶ್ರೀಮಂತ ದೇಶದವರು ನಮ್ಮ ಹಳೇ ಫ್ರಿಜ್ಜು ಕಸಕ್ಕೆ ಹಾಕಿಸಿ ತಮ್ಮ ಹೊಸ ಫ್ರಿಜ್ಜು ಮಾರಲು ಹೂಡಿದ ಆಟ ಎಂದು ಮುಗಿಸಿದೆ. ಚಪ್ಪಾಳೆಗೆ ತಗಡಿನ ಛಾವಣಿ ಅದುರಿತು. ತೀರ್ಪುಗಾರರ ಕುರ್ಚಿಯಿಂದ ಎದ್ದ ಬಿಳಿ ಜುಬ್ಬದ ಮುದುಕರೊಬ್ಬರು ಮೈಕನ್ನು ಎರಡು ಸಲ ಊದಿ ನೋಡಿ, "ಪ್ರಥಮ ಬಹುಮಾನ ಯಾರಿಗೂ ಇಲ್ಲ" ಅಂದರು.

ಸಭೆ ಗುಜುಗುಜು ಅಂದಿತು.

"ತೂತಿಂದ ಬಿಸಿಲು ಜಾಸ್ತಿ ಆಗಿದೆ ಅನ್ನೋದು ತಪ್ಪು. ಛತ್ರಿ ಹರಿದದ್ದು ಒಂದು ಕಥೆ, ಕಂಬಳಿ ದಪ್ಪ ಆಗಿದ್ದು ಇನ್ನೊಂದು ಕಥೆ. ಓಜೋನು ಛತ್ರಿ. ಸೆಕೆ ಆಗ್ತಿರೋದು ಕಂಬಳಿಯಿಂದ. ನಾವು ಸುಡೋ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಭೂಮಿಗೆ ಕಂಬಳಿ ಹೊದಿಸ್ತಾ ಇದೆ. ಆದ್ದರಿಂದ ವಿರೋಧ ಮಾತಾಡಿದ ಹುಡುಗಿ ಗೆಲ್ಲಬೇಕಾಗಿತ್ತು. ಆದರೆ ಅವಳು ಛತ್ರಿ ಹರಿದೇ ಇಲ್ಲ ಅಂದುಬಿಟ್ಟಳು. ಹರಿದಿದೆ. ನಾನು ಅಳೆದಿದ್ದೀನಿ. ಉತ್ತರ ಸರಿ, ದಾರಿ ತಪ್ಪು. ಲೆಕ್ಕದಲ್ಲಿ ಇದಕ್ಕೆ ಸೊನ್ನೆ."

ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಹತ್ತಿರ ಅವರನ್ನು ತಡೆದು ನಿಲ್ಲಿಸಿದೆ. "ನೀವು ಅಳೆದಿದ್ದೀರಿ ಅಂದ ಮಾತ್ರಕ್ಕೆ ನಾನು ನಂಬಬೇಕಾ ಸರ್?"

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಬಿಸಿಲಿನಲ್ಲಿ ಅಲೆದವನಿಗೆ ಮಜ್ಜಿಗೆ ಕೊಟ್ಟರೆ ನೋಡುವ ಹಾಗೆ. "ಬೇಡ, ನಂಬಬೇಡ. ಭಾನುವಾರ ಮನೆಗೆ ಬಾ, ದೇವಸ್ಥಾನದ ಬೀದಿ. ಹೊಗೆಸೊಪ್ಪಿನ ಮನೆ ಅಂದ್ರೆ ಎಲ್ಲರೂ ಮೂಗು ಮುಚ್ಚಿಕೊಂಡು ತೋರಿಸ್ತಾರೆ."

ಹೀಗೆ ಶುರುವಾಯಿತು. ಹಾಸನದಿಂದ ಬೆಳಗಿನ ಬಸ್ಸು ಹತ್ತಿ, ಮೊಸಳೆ ಹೊಸಹಳ್ಳಿ ದಾಟುವ ಹೊತ್ತಿಗೆ ನನ್ನ ಆಕ್ಷೇಪಣೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಇಳಿದವಳೇ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ನನಗೆ 'ವಕೀಲಮ್ಮ' ಎಂದು ಹೆಸರಿಟ್ಟರು. ಆಮೇಲೆ ಅದೇ ನನ್ನ ವೃತ್ತಿಯೂ ಆಯಿತು. ಬಾಗಿಲಲ್ಲಿ ನಾನು ಕಂಡ ತಕ್ಷಣ ಅವರ ಮೊದಲ ಮಾತು, "ಏನು ವಿರೋಧ ತಂದಿದ್ದೀ ಇವತ್ತು?"

ಅವರ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಹುಟ್ಟಿದ್ದು ಈ ಊರಿನಲ್ಲೇ. ಕೆಲಸಕ್ಕೆ ಸೇರಿದ್ದು ಉತ್ತರದ ಕಡೆ ಬೆಟ್ಟದ ಮೇಲಿನ ಒಂದು ವೀಕ್ಷಣಾಲಯದಲ್ಲಿ. ಸೂರ್ಯನ ಬೆಳಕನ್ನು ಉಪಕರಣದೊಳಗೆ ಹಿಡಿದು, ತಲೆಯ ಮೇಲೆ ಎಷ್ಟು ಓಜೋನ್ ಇದೆ ಎಂದು ಅಳೆಯುವುದು ಕೆಲಸ. ಸೂರ್ಯನಿಗೆ ಗುರಿ ಹಿಡಿದು ಹಿಡಿದು ಬಲಗಣ್ಣಿನ ನಡುವೆ ಒಂದು ಮಸುಕು ಚುಕ್ಕೆ ಕೂತುಬಿಟ್ಟಿತ್ತು. ಬಲೂನಿಗೆ ಉಪಕರಣದ ಡಬ್ಬಿ ಕಟ್ಟಿ ಹಾರಿಬಿಡುತ್ತಿದ್ದರು. ಬಲೂನು ಒಡೆದು ಡಬ್ಬಿ ಎಲ್ಲೋ ಯಾರದೋ ಹೊಲಕ್ಕೆ ಬೀಳುತ್ತಿತ್ತು. ಒಂದು ಸಲ ಹುಡುಕಿಕೊಂಡು ಹೋದರೆ ಹಳ್ಳಿಯವರು ಅದನ್ನು ಮರದ ಕೆಳಗಿಟ್ಟು ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರಂತೆ. ಇವರೂ ಕೈಮುಗಿದು, ಮಂಗಳಾರತಿ ಆಗುವ ತನಕ ಕಾದು, ಪ್ರಸಾದದ ಜೊತೆ ಡಬ್ಬಿ ಇಸಿದುಕೊಂಡು ಬಂದರು. "ಪೂಜೆ ಮಾಡಿದ್ದರಿಂದಲೇ ಅದು ಮುರೀದೆ ಉಳೀತು. ಪೂಜೆಯಿಂದ ಉಪಕರಣ ಕೆಟ್ಟಿದ್ದನ್ನ ನಾನು ಇನ್ನೂ ನೋಡಿಲ್ಲ" ಅನ್ನುತ್ತಿದ್ದರು.

ಆಮೇಲೆ ದೇಶದೇಶಗಳು ಕೂತು, ಓಜೋನ್ ತಿನ್ನುವ ಅನಿಲಗಳನ್ನು ನಿಲ್ಲಿಸುವುದು ಅಂತ ಒಪ್ಪಿಕೊಂಡವು. ಉಪಗ್ರಹಗಳು ಬಂದವು. ಒಂಟಿಕಣ್ಣಲ್ಲಿ ಸೂರ್ಯನನ್ನು ನೋಡುವವರು ಬೇಕಾಗಲಿಲ್ಲ. "ಜಗತ್ತಿನಲ್ಲಿ ನಾವು ಗೆದ್ದ ಒಂದೇ ವಾದ ಅದು ವಕೀಲಮ್ಮ. ಗೆದ್ದ ಮೇಲೆ ವಾದ ಮಾಡಿದವರನ್ನ ಯಾರು ಕೇಳ್ತಾರೆ? ಮದುವೆ ಮುಗಿದ ಮೇಲೆ ಚಪ್ಪರದ ಹಾಗೆ." ಮದುವೆಯಾಗಿರಲಿಲ್ಲ. ಊರಿಗೆ ಬಂದು, ಒಂಟಿಯಾಗಿದ್ದ ಜಾನಕಮ್ಮನವರ ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದರು.

ಊರಿನಲ್ಲಿ ಅವರ ಜೊತೆ ಮಾತಾಡುವವರಿಗೆ ಬರವಿರಲಿಲ್ಲ. ಜಗಲಿಯ ಮೇಲೆ ದಿನಕ್ಕೊಬ್ಬರು ಬಂದು, "ಏನ್ ಸಾರ್, ತೂತು ಎಷ್ಟು ದೊಡ್ಡದಾಯ್ತು?" ಎಂದು ಮಗಳ ಬಾಣಂತನ ವಿಚಾರಿಸುವ ಹಾಗೆ ವಿಚಾರಿಸಿಕೊಂಡು ಹೋಗುತ್ತಿದ್ದರು. ಅವರು ಛತ್ರಿ, ಕಂಬಳಿ ವಿವರಿಸುತ್ತಿದ್ದರು. ಕೇಳಿದವರು ತಲೆಯಾಡಿಸಿ, "ಅದಕ್ಕೇ ಸಾರ್ ಈ ಪಾಟಿ ಬಿಸಿಲು" ಎಂದು ಏಳುತ್ತಿದ್ದರು. ಅಂಥ ಒಂದು ಸಂಜೆ ಅವರು ನನಗೆ ಹೇಳಿದ್ದು: "ಮಾತಾಡೋಕೆ ಜನ ಸಿಗ್ತಾರೆ. ಒಪ್ಪೋಕೂ ಸಿಗ್ತಾರೆ. ಅಡ್ಡ ಮಾತಾಡೋಕೆ ಮಾತ್ರ ಯಾರೂ ಇಲ್ಲ. ತಪ್ಪಿದ್ರೆ ತೋರಿಸೋರು ಇಲ್ಲದ ಊರು ಅಂದ್ರೆ ಕನ್ನಡಿ ಇಲ್ಲದ ಮನೆ."

ಹೊಗೆಸೊಪ್ಪು ಅವರ ಕಡೆಯ ಸಂಶೋಧನೆ. ಓಜೋನು ನೆತ್ತಿಯ ಮೇಲೆ ಎತ್ತರದಲ್ಲಿದ್ದರೆ ಛತ್ರಿ, ಅದೇ ಮೂಗಿನ ಮಟ್ಟಕ್ಕೆ ಬಂದರೆ ವಿಷ. ವಾಹನದ ಹೊಗೆಯ ಮೇಲೆ ಬಿಸಿಲು ಬಿದ್ದರೆ ನೆಲದ ಹತ್ತಿರವೂ ಅದು ಹುಟ್ಟುತ್ತದೆ. ಬಿಸಿಲು ಬಲಿತಷ್ಟೂ ಹೆಚ್ಚುತ್ತದೆ. ಭೂಮಿ ಬಿಸಿಯಾಗುತ್ತ ಹೋದರೆ ನಮ್ಮಂಥ ಸಣ್ಣ ಊರಿನ ಗಾಳಿ ಏನಾದೀತು ಎಂಬುದು ಅವರ ಪ್ರಶ್ನೆ. ಉಪಕರಣ ಕೊಳ್ಳಲು ಹಣವಿಲ್ಲ. ಆದರೆ ಹೊಗೆಸೊಪ್ಪಿನ ಒಂದು ಜಾತಿಗೆ ಓಜೋನು ತಾಗಿದರೆ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಏಳುತ್ತವೆ. ವಿದೇಶದ ಹಳೆಯ ಸಹೋದ್ಯೋಗಿಯೊಬ್ಬರು ಅದರ ಬೀಜ ಕಳಿಸಿದರು. ಅರ್ಧ ಕುಂಡಗಳು ಇಲ್ಲಿ ಅಂಗಳದಲ್ಲಿ, ಇನ್ನರ್ಧ ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣದ ಬಳಿ ಚಿಕ್ಕೇಗೌಡರೆಂಬ ಹೊಗೆಸೊಪ್ಪು ಬೆಳೆಗಾರರ ಮನೆ ಮುಂದೆ. ಬೀಜ ಒಂದೇ, ಮಣ್ಣು ಒಂದೇ, ಗೊಬ್ಬರ ಒಂದೇ. ಗಾಳಿಯೊಂದೇ ಬೇರೆ. ಎರಡೂ ಕಡೆಯ ಚುಕ್ಕೆ ಹೋಲಿಸಿ ನೋಡುವುದು.

"ಚುಕ್ಕೆ ಎಲೆ ಮೇಲಿದೆಯೋ ನಿಮ್ಮ ಕಣ್ಣಲ್ಲಿದೆಯೋ ಸರ್?" ಎಂದು ಕೆಣಕಿದ್ದೆ.

"ಒಳ್ಳೇ ಪ್ರಶ್ನೆ. ಅದಕ್ಕೇ ಎಡಗಣ್ಣಲ್ಲಿ ನೋಡೋದು."

ಅವರ ಜೊತೆ ಒಂದು ಸಲ ಮಲ್ಲಿಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ಊರ ಪಕ್ಕ ಜಲ್ಲಿ ಕ್ರಷರ್ ಬಂದಿತ್ತು. ಊರವರಿಗೂ ಕ್ರಷರಿನ ಸಾಹುಕಾರನಿಗೂ ಜಗಳ ಹತ್ತಿತ್ತು. ಹೊಲದ ಸೊಪ್ಪಿನ ಮೇಲೆ ಅಲ್ಲಲ್ಲಿ ಚುಕ್ಕೆ ಬಿದ್ದಿದ್ದು ಕ್ರಷರಿನ ಧೂಳಿನಿಂದಲೇ ಎಂದು ಗಾಳಿ ಡಾಕ್ಟ್ರು ಒಂದು ಮಾತು ಹೇಳಿಬಿಟ್ಟರೆ ಜಗಳ ಗೆದ್ದ ಹಾಗೆ ಎಂದು ಹತ್ತಾರು ಜನ ಚಿಕ್ಕೇಗೌಡರ ಮನೆ ಮುಂದೆ ಸೇರಿದ್ದರು. ಎಳನೀರು ಕೊಚ್ಚಿ ಕೊಟ್ಟರು. ಇವರು ಎಳನೀರು ಕುಡಿದು, ಹೊಲಕ್ಕಿಳಿದು, ಬಹಳ ಹೊತ್ತು ಎಲೆ ತಿರುವಿ ನೋಡಿ ಬಂದು, "ಇದು ಧೂಳಿಂದ ಆಗಿದ್ದಲ್ಲ" ಅಂದರು.

"ಮತ್ತೆ ಯಾತ್ರದ್ದು ಸಾ?"

"ಓಜೋನು ಇರಬಹುದು. ದೂರದಿಂದ ಬಂದದ್ದು. ಹಾಸನದ ಹೊಗೆ, ಮೈಸೂರಿನ ಹೊಗೆ, ಬಿಸಿಲು."

ಚಿಕ್ಕೇಗೌಡರು ತಲೆಯ ವಲ್ಲಿ ಬಿಚ್ಚಿ ಮತ್ತೆ ಸುತ್ತಿದರು. "ಅಂಗಾರೆ ಜಗಳ ಯಾರ್ ತಾವ ಆಡಾನ ಸಾ? ಮೈಸೂರ್ ತಾವ್ಲಾ?"

ಎಲ್ಲ ನಕ್ಕರು. ಇವರೂ ನಕ್ಕರು. ಆದರೆ ಗುಂಪಿನ ಹಿಂದಿನಿಂದ ಒಬ್ಬ, "ಒಂದ್ ಮಾತ್ ಅಂದ್ಬುಟ್ಟಿದ್ರೆ ಇವ್ರ ಗಂಟೇನ್ ಓಯ್ತಿತ್ತು ಕಣ್ಲಾ?" ಅಂದದ್ದು ಎಲ್ಲರಿಗೂ ಕೇಳಿತು. ಮಾರನೆ ವಾರ ಕ್ರಷರಿನ ಸಾಹುಕಾರ ಖುಷಿಯಾಗಿ ಒಂದು ಬುಟ್ಟಿ ಹಣ್ಣು ಕಳಿಸಿದ. ಇವರು ಬುಟ್ಟಿ ತಂದವನ ಕೈಯಲ್ಲೇ ಅದನ್ನು ವಾಪಸು ಕಳಿಸಿ, "ಎಲೆಯ ಚುಕ್ಕೆ ಅವರದ್ದಲ್ಲ. ಊರವರ ಕೆಮ್ಮು ಅವರದ್ದೇ ಅಂತ ಹೇಳಪ್ಪ" ಅಂದರು. ಅಲ್ಲಿಗೆ ಎರಡು ಕಡೆಯವರೂ ಇವರನ್ನು ಬಿಟ್ಟರು. ಚಿಕ್ಕೇಗೌಡರು ಮಾತ್ರ ಕುಂಡಗಳಿಗೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ಓಗ್ಲಿ ಬುಡಿ, ಗಿಡ ಏನ್ ಮಾಡ್ತು" ಅನ್ನುತ್ತಿದ್ದರು.

ಅಂದು ಮಲ್ಲಿಪಟ್ಟಣದಿಂದ ವಾಪಸು ಬರುವಾಗ ನಾನು ಬಸ್ಸಿನಲ್ಲಿ ವಾದ ಹೂಡಿದ್ದೆ. ಒಳ್ಳೆಯ ಕೆಲಸಕ್ಕಾಗಿ ಸ್ವಲ್ಪ ಒತ್ತಿ ಹೇಳಿದರೆ ತಪ್ಪೇನು? ಕ್ರಷರ್ ನಿಂತರೆ ಊರಿಗೆ ಒಳ್ಳೆಯದೇ ತಾನೇ? ಅವರು ಕಿಟಕಿಯಾಚೆ ನೋಡುತ್ತ, "ನಿನ್ನ ಚರ್ಚಾಸ್ಪರ್ಧೇಲಿ ಅದು ನಡೆಯತ್ತೆ. ಅಲ್ಲಿ ಎದುರಿಗೆ ಮನುಷ್ಯರು ಇರ್ತಾರೆ. ನನ್ನ ಎದುರಿಗೆ ಗಾಳಿ ಇದೆ. ಅದು ಚಪ್ಪಾಳೆಗೆ ಬಗ್ಗಲ್ಲ" ಅಂದರು.

ಅಂಥ ಮನುಷ್ಯನೂ ಒಂದು ಕಡೆ ಬಗ್ಗಿದರು. ಹೊಗೆ ಗಾಳಿಯಲ್ಲಿ ದೂರ ಸಾಗುತ್ತ ಸಾಗುತ್ತ ಓಜೋನಾಗುವುದರಿಂದ, ಪುಸ್ತಕಗಳ ಪ್ರಕಾರ ಈ ಕೆಳಗಿನ ಓಜೋನು ಊರಿಗಿಂತ ಹಳ್ಳಿಯ ಕಡೆಯೇ ಹೆಚ್ಚಿರಬೇಕು. ಅವರಿಗೆ ಸಿಕ್ಕಿದ್ದು ಉಲ್ಟಾ. ಮಲ್ಲಿಪಟ್ಟಣದ ಎಲೆಗಳಲ್ಲಿ ಚುಕ್ಕೆ ಕಡಿಮೆ, ದೇವಸ್ಥಾನದ ಬೀದಿಯಲ್ಲಿ ಹೆಚ್ಚು. ವರ್ಷದಿಂದ ವರ್ಷಕ್ಕೆ ಅದೇ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎಳೆದ ನಕ್ಷೆಯನ್ನು ನನಗೆ ತೋರಿಸಿದರು. "ಸಣ್ಣ ಊರಿನ ಗಾಳಿಯಲ್ಲಿ ಯಾರೂ ನೋಡದ ಏನೋ ಇದೆ ವಕೀಲಮ್ಮ."

ನಕ್ಷೆಯ ಗೆರೆ ಪಕ್ಷಕ್ಕೊಮ್ಮೆ ಏಳುತ್ತಿತ್ತು, ಬೀಳುತ್ತಿತ್ತು. ನಾನು ಸುಮ್ಮನೆ ಛೇಡಿಸಿದೆ: "ನಿಮ್ಮ ಓಜೋನು ಪಂಚಾಂಗ ನೋಡಿಕೊಂಡು ಬರತ್ತಾ ಸರ್?"

"ಬರಬಹುದು" ಎಂದು ನಕ್ಕರು. "ಪಕ್ಷಕ್ಕೊಂದು ಸಲ ಲಾರಿಗಳ ಓಡಾಟ ಹೆಚ್ಚತ್ತೇನೋ, ವಿಚಾರಿಸ್ತಾ ಇದ್ದೀನಿ."

ಪ್ರಬಂಧ ಬರೆದು ಕಳಿಸಿದರು. ಒಪ್ಪಿಗೆಯಾಯಿತು. ಕಾರ್ತಿಕ ಮಾಸದಲ್ಲಿ ಉತ್ತರದ ಊರೊಂದರಲ್ಲಿ ವಾಯುಮಂಡಲ ಓದುವವರ ಸಭೆ, ಅಲ್ಲಿ ಓದಬೇಕು. ಹಳೆಯ ವೀಕ್ಷಣಾಲಯದವರೆಲ್ಲ ಬರುತ್ತಾರೆ. ಟ್ರಂಕಿನಿಂದ ಕೋಟು ಹೊರಬಂತು, ಇಸ್ತ್ರಿಗೆ ಹೋಯಿತು. ಜಾನಕಮ್ಮನವರು ದಾರಿಗೆಂದು ಚಟ್ನಿಪುಡಿಯ ಲೆಕ್ಕಾಚಾರ ಶುರು ಮಾಡಿದರು. ಇವರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀನೀಗ ಅವರೆಲ್ಲ. ಕೇಳು, ಏನು ಬೇಕಾದರೂ ಕೇಳು" ಅನ್ನುತ್ತಿದ್ದರು. ಅಡ್ಡ ಮಾತಾಡಬಲ್ಲವರು ತುಂಬಿದ ಒಂದು ಹಾಲಿಗೆ ಅವರು ಹೊರಟಿದ್ದರು. ಆ ದಿನಗಳಲ್ಲಿ ಅವರು ನಡೆಯುವಾಗ ಚಪ್ಪಲಿಯ ಸದ್ದು ಕೂಡ ಬೇರೆಯಾಗಿತ್ತು.

ಮುಂಗಾರಿನ ಆರಂಭ. ಏನೋ ರಜೆಯೆಂದು ವಾರದ ನಡುವೆ ಬೆಳಗಿನ ಬಸ್ಸಿಗೇ ಹೋದೆ. ಅವರು ಹೇಮಾವತಿ ಸೇತುವೆಯ ಕಡೆ ವಾಕಿಂಗ್ ಹೋಗಿದ್ದರು. ಅಂಗಳದಲ್ಲಿ ಜಾನಕಮ್ಮನವರು ಒದ್ದೆ ಸೀರೆಯಲ್ಲಿ, ಕೈಯಲ್ಲಿ ಚೊಂಬು ಹಿಡಿದು, ಮಾವಿನೆಲೆ ಅದ್ದಿ ಅದ್ದಿ ಕುಂಡ ಕುಂಡಕ್ಕೂ ಚಿಮುಕಿಸುತ್ತಿದ್ದರು. ತುಟಿ ಏನೋ ಮಂತ್ರ ಹೇಳುತ್ತಿತ್ತು.

"ಏನಮ್ಮ ಅದು?"

"ಮುಟ್ಟಬೇಡ ಕಣೇ, ಮಡೀಲಿದ್ದೀನಿ. ಗಂಜಲ. ಇವತ್ತು ಏಕಾದಶಿ ಅಲ್ವಾ."

"ಗಿಡಕ್ಕೆ ಯಾಕೆ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಏನು ಮಾಡ್ಲೇ ಮತ್ತೆ? ದೇವರ ನೈವೇದ್ಯಕ್ಕೆ ಅಡುಗೆ ಆಗೋ ಮನೆ, ನಡು ಅಂಗಳದಲ್ಲಿ ಹೊಗೆಸೊಪ್ಪು. ಬೀದಿಯವರು ಬಾಯಿಗೆ ಬಂದ ಹಾಗೆ ಅಂತಾರೆ. ತೆಗೀರಿ ಅಂದ್ರೆ ಅವರು ಮನೇನೇ ಬಿಟ್ಟು ಹೋಗ್ತಾರೆ. ಅದಕ್ಕೇ ಏಕಾದಶಿ ಏಕಾದಶಿಗೆ ಇಷ್ಟು ಪ್ರೋಕ್ಷಣೆ ಮಾಡಿ ದೇವರಿಗೆ ತಪ್ಪಾಯ್ತು ಅಂತೀನಿ. ಅವರು ಬಂದ ಮೇಲೇ ಕಣೇ ಈ ಮನೇಲಿ ಇನ್ನೊಬ್ಬರು ಕೆಮ್ಮಿದ ಸದ್ದು ಕೇಳಿದ್ದು."

ನಾನು ಅಲ್ಲಿಯೇ ತುಳಸಿಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಏಕಾದಶಿ ಮಾಡುವ ಪದ್ಧತಿ ನಮಗಿಲ್ಲ. ಅಂದು ಪಂಚಾಂಗ ಅಂದದ್ದು ಬರೀ ಬಾಯಿಚಪಲ. ಈಗ ಕಣ್ಣೆದುರಿಗೆ ಪಂಚಾಂಗವೇ ಮಾವಿನೆಲೆ ಹಿಡಿದು ನಿಂತಿತ್ತು. ಹನಿ ಒಣಗಿದರೆ ಉಪ್ಪು ಉಳಿಯುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಚುಕ್ಕೆ ಏಳುತ್ತದೆ. ಮಲ್ಲಿಪಟ್ಟಣದಲ್ಲಿ ಚಿಕ್ಕೇಗೌಡರಿಗೆ ಹೊಗೆಸೊಪ್ಪಿನಿಂದ ಮೈಲಿಗೆ ಎಂಬುದಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉತ್ತರದ ಆ ಸಭೆಯಲ್ಲಿ ಎಂಥ ಬುದ್ಧಿವಂತ ಕೂತಿದ್ದರೂ ಜಾನಕಮ್ಮನವರ ಚೊಂಬಿನ ಬಗ್ಗೆ ಪ್ರಶ್ನೆ ಕೇಳುತ್ತಿರಲಿಲ್ಲ. ಕೋಟು ಇಸ್ತ್ರಿ ಆಗಿತ್ತು. ಆದರೆ ತಪ್ಪಿದ್ದರೆ ತೋರಿಸುವವರು ಬೇಕು ಎಂದೇ ಅವರು ನನ್ನನ್ನು ಬರಮಾಡಿಕೊಂಡಿದ್ದು. ತೋರಿಸದಿದ್ದರೆ ನಾನೂ ಜಗಲಿಯ ಮೇಲೆ ತಲೆಯಾಡಿಸಿ ಏಳುವವರಲ್ಲಿ ಒಬ್ಬಳು. ಎದ್ದು ಸೇತುವೆಗೆ ನಡೆದೆ.

"ಸರ್, ಒಂದು ವಿರೋಧ ತಂದಿದ್ದೀನಿ."

"ಹೇಳು ಹೇಳು."

"ಎರಡು ಕಡೆಗೂ ಗಾಳಿಯೊಂದೇ ಬೇರೆ ಅಂತೀರಲ್ಲ. ಏಕಾದಶಿ?"

ಅವರು ನಡೆಯುವುದನ್ನು ನಿಲ್ಲಿಸಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಕೆಳಗೆ ಹೊಸ ನೀರು ಕೆಂಪಗೆ ಹೋಗುತ್ತಿತ್ತು. ಅವರು ಕಂಬಿಯ ಮೇಲೆ ಕೈಯಿಟ್ಟು, "ಉಪ್ಪು... ಅಮೋನಿಯಾ... ಬಿಸಿಲು" ಎಂದು ಸಾರಿಗೆ ಏನೇನು ಹಾಕಿದೆ ಎಂದು ಹೇಳುವವರ ಹಾಗೆ ಒಂದೊಂದಾಗಿ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ನನಗೆ ಹೆದರಿಕೆಯಾಯಿತು. "ವಕೀಲಮ್ಮ! ನನ್ನ ಇಡೀ ನೌಕರೀಲಿ ಯಾರೂ ನನ್ನನ್ನ ಹೀಗೆ ಕುತ್ತಿಗೆಗೇ ಕೈಹಾಕಿ ಹಿಡಿದಿರಲಿಲ್ಲ!" ನನ್ನ ಬೆನ್ನು ತಟ್ಟಿದರು. ಊರೊಳಗೆ ಬಂದು ಬೀದಿ ತಿರುಗಿ, ದೂರದಲ್ಲಿ ಅಂಗಳದ ಗಿಡಗಳು ಕಾಣುವ ತನಕ ಆ ಸಂತೋಷ ಮುಖದ ಮೇಲಿತ್ತು. ಆಮೇಲೆ ಇರಲಿಲ್ಲ.

ಆದರೂ ನನ್ನ ಮಾತನ್ನು ಅವರು ಹಾಗೇ ನಂಬಲಿಲ್ಲ. ಹಿತ್ತಿಲಿನಲ್ಲಿ ಎರಡು ಕುಂಡ ಬೇರೆ ಇಟ್ಟು, ಒಂದಕ್ಕೆ ತಾವೇ ಗಂಜಲ ಚಿಮುಕಿಸಿ, ಇನ್ನೊಂದಕ್ಕೆ ಬರೀ ನೀರು ಹಾಕಿ ಕಾದರು. ಗಂಜಲದ ಗಿಡದಲ್ಲಿ ಅದೇ ಚುಕ್ಕೆ ಎದ್ದಿತು. ಇನ್ನೊಂದು ಹಸಿರಾಗಿಯೇ ಉಳಿಯಿತು.

ಈಗ ನಾನೇ ಅವರ ಪರವಾಗಿ ವಾದ ಹೂಡಿದೆ. "ಸರ್, ಇದು ಮಳೆಗಾಲ. ಮೋಡ. ಬಿಸಿಲಿಲ್ಲದಾಗ ಓಜೋನು ಎಲ್ಲಿಂದ ಬರತ್ತೆ? ಇದರಿಂದ ಗಂಜಲಕ್ಕೆ ಚುಕ್ಕೆ ಬೀಳತ್ತೆ ಅಂತ ಗೊತ್ತಾಯ್ತೇ ಹೊರತು ಓಜೋನು ಇಲ್ಲ ಅಂತ ಗೊತ್ತಾಗಲಿಲ್ಲ. ಬೇಸಿಗೇಲಿ ಇನ್ನೊಂದು ಸಲ ನೋಡಿ."

"ವಾದ ಸರಿ ಇದೆ" ಅಂದರು. "ಆದರೆ ಇದು ಭೌತಶಾಸ್ತ್ರದವನ ಕಣ್ಣು, ಎಲೆ ಓದೋದನ್ನ ಅರವತ್ತರ ಮೇಲೆ ಕಲಿತಿದ್ದು. ಆ ಚುಕ್ಕೆ ನನಗೆ ಬೇಕಾಗಿತ್ತು ವಕೀಲಮ್ಮ. ಬೇಕು ಅನ್ನಿಸಿದ್ದನ್ನ ಒಂದು ಸಲ ಕಂಡುಬಿಟ್ಟ ಕಣ್ಣು ಇನ್ನು ಸಾಕ್ಷಿಗೆ ಬರಲ್ಲ. ಕೋರ್ಟಲ್ಲೂ ಹಾಗೇ ತಾನೇ?"

ಪ್ರಬಂಧ ಹಿಂದಕ್ಕೆ ಪಡೆದರು. ಕೋಟು ಟ್ರಂಕಿಗೆ ಹೋಯಿತು. ಜಾನಕಮ್ಮನವರಿಗೆ, "ಅಷ್ಟು ದೂರ ಮೈಗೆ ಆಗಲ್ಲಮ್ಮ" ಎಂದಷ್ಟೇ ಹೇಳಿದರು. ನಿಜ ಹೇಳಿ ಸರ್, ಪ್ರೋಕ್ಷಣೆ ನಿಲ್ಲಿಸಲು ಹೇಳಿ ಎಂದು ನಾನು ಒತ್ತಾಯಿಸಿದ್ದಕ್ಕೆ ಅವರಿಗೆ ಅಪರೂಪಕ್ಕೆ ಸಿಟ್ಟು ಬಂತು. "ನನ್ನ ಕೆಲಸ ತಾನು ಕೆಡಿಸಿದೆ ಅಂತ ಗೊತ್ತಾದ್ರೆ ಆಕೆ ಊಟ ಮಾಡ್ತಾರೇನು? ನಿಂಗೆ ವಾದ ಗೊತ್ತು, ಮನೆ ಗೊತ್ತಿಲ್ಲ."

ಕುಂಡಗಳನ್ನು ತೆಗೆಸಲೂ ಇಲ್ಲ. ತೆಗೆದರೆ ಜಾನಕಮ್ಮನವರಿಗೆ ಅನುಮಾನ ಬರುತ್ತದಲ್ಲ. ಯಾವ ಕೆಲಸಕ್ಕೂ ಬಾರದ ಹೊಗೆಸೊಪ್ಪನ್ನು ಇವರು ಬಿತ್ತುತ್ತಲೇ ಹೋದರು, ಆಕೆ ಚಿಮುಕಿಸುತ್ತಲೇ ಹೋದರು. ಮಧ್ಯಾಹ್ನ ಟವೆಲ್ಲು ಸುತ್ತಿಕೊಂಡು ಭೂತಗನ್ನಡಿ ಹಿಡಿದು ಕೂರುವುದನ್ನೂ ಬಿಡಲಿಲ್ಲ. ಗೋಡೆಯ ನಕ್ಷೆಗೆ ಮಾತ್ರ ಸುಣ್ಣ ಬಳಿಸಿದ್ದರು.

ನಾನು ಕಾನೂನು ಓದಿ ಹಾಸನದ ಕೋರ್ಟಿನಲ್ಲಿ ಕರಿಕೋಟು ಹಾಕಿದೆ. ಭಾನುವಾರಗಳು ಕಕ್ಷಿದಾರರ ಪಾಲಾದವು. ಕೊನೆಯ ಸಲ ಹೋದಾಗ ಅವರ ಎಡಗಣ್ಣಿಗೂ ಪೊರೆ ಬಂದಿತ್ತು. ಜಗಲಿಯ ಮೇಲೆ ಕೂತವರು ನನ್ನ ದನಿ ಕೇಳಿ ನೆಟ್ಟಗಾದರು. "ಏನು ವಿರೋಧ ತಂದಿದ್ದೀ ಇವತ್ತು?"

ವಾರವೆಲ್ಲ ಬಾಯಿ ಬಡಿದುಕೊಂಡು ದಣಿದಿದ್ದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಛತ್ರಿ, ಕಂಬಳಿ ಎರಡನ್ನೂ ಪೂರ್ತಿ ಒಪ್ಪಿಕೊಂಡಾಗಿತ್ತು. "ಇವತ್ತು ಏನೂ ಇಲ್ಲ ಸರ್. ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ."

ಅವರ ಮುಖ ಸಣ್ಣದಾಯಿತು. "ಬರಿಗೈಲಿ ಬಂದೆಯಾ?" ಅಂದರು.

ಅವರು ಹೋದ ಸುದ್ದಿ ನನಗೆ ತಿಳಿದದ್ದು ವೈಕುಂಠ ಸಮಾರಾಧನೆಯೂ ಆದ ಮೇಲೆ. ಚಿಕ್ಕೇಗೌಡರು ಯಾವುದೋ ಜಮೀನಿನ ಕೇಸಿಗೆ ಕೋರ್ಟಿಗೆ ಬಂದವರು, "ನಮ್ ಗಾಳಿ ಡಾಕ್ಟ್ರು ಓದ್ರಲ್ಲ ಅವ್ವಾ, ನಿಮ್ಗೆ ಗೊತ್ತಾಗ್ಲಿಲ್ವಾ?" ಅಂದರು. ದೇವಸ್ಥಾನದ ಬೀದಿಗೆ ಹೋಗಲು ಮನಸ್ಸು ಬಂದದ್ದು ಮುಂದಿನ ಬೇಸಿಗೆಯಲ್ಲಿ.

ಅಂಗಳದಲ್ಲಿ ಒಂದೇ ಕುಂಡ ಉಳಿದಿತ್ತು. ಜಾನಕಮ್ಮನವರು ಮಜ್ಜಿಗೆ ಕೊಟ್ಟು, ಕಂಬಕ್ಕೆ ಒರಗಿ ಕೂತರು. "ಅವರಿಗೆ ಗೊತ್ತಿತ್ತು ಕಣೇ" ಅಂದರು, ನಾನು ಏನೂ ಕೇಳದಿದ್ದರೂ. "ಹೋದ ವರ್ಷ ಒಂದು ಏಕಾದಶಿ ನನಗೆ ಜ್ವರ. ಮಲಗಿದಲ್ಲಿಂದಲೇ ನೋಡ್ತೀನಿ, ತಡಕಾಡಿಕೊಂಡು ಬಂದು, ಚೊಂಬು ತಗೊಂಡು, ಮಾವಿನೆಲೆ ಅದ್ದಿ ತಾವೇ ಪ್ರೋಕ್ಷಣೆ ಮಾಡ್ತಾ ಇದ್ದಾರೆ. ಒಂದು ಗಿಡ ಬಿಡದ ಹಾಗೆ. ನನಗೆ ನಾಚಿಕೆಯಾಗಿ ಹೊದ್ದುಕೊಂಡು ಮಲಗಿಬಿಟ್ಟೆ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

"ಈಗ ಮಾಡ್ತೀರಾ ಅಮ್ಮ?"

"ಅವರೇ ಇಲ್ಲ, ಇನ್ನು ಯಾವ ಮಡಿ? ಅವರು ಹೋದಾಗಿನಿಂದ ಒಂದು ಹನಿ ಚಿಮುಕಿಸಿಲ್ಲ. ಬೀಜ ಅದಾಗೇ ಬಿದ್ದು ಹುಟ್ಟಿದೆ, ನೀರು ಹಾಕ್ತೀನಿ ಅಷ್ಟೆ. ಅವರ ಗಾಜು ಅಲ್ಲೇ ಗೂಡಲ್ಲಿದೆ, ಬೇಕಾದ್ರೆ ತಗೋ."

ಅವರು ಒಳಗೆ ಹೋದರು. ನಾನು ಭೂತಗನ್ನಡಿ ತೆಗೆದುಕೊಂಡು ಬಿಸಿಲಿನಲ್ಲಿ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಕೆಳಗಿನ ಬಲಿತ ಎಲೆ ಎತ್ತಿ ಹಿಡಿದೆ. ನರಗಳ ನಡುವೆ, ಸೂಜಿಮೊನೆಯಷ್ಟು, ಬಿಳಿ ಚುಕ್ಕೆಗಳು. ಒಂದೆರಡಲ್ಲ, ಎಲೆಯ ಉದ್ದಕ್ಕೂ.

ಗಂಜಲದ ಒಂದು ಹನಿಯೂ ಬೀಳದ ಎಲೆಯ ಮೇಲೆ. ಕೂಡಲೇ ನನ್ನ ಹಳೆಯ ಬುದ್ಧಿ ಎದ್ದು ನಿಂತಿತು. ಧೂಳಿರಬಹುದು. ರೋಗವಿರಬಹುದು. ಒಂದೇ ಗಿಡ, ಹೋಲಿಸಲು ಮಲ್ಲಿಪಟ್ಟಣದ ಕುಂಡ ಈಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಚುಕ್ಕೆ ಈಗ ನನಗೆ ಬೇಕಾಗಿತ್ತು, ನನ್ನ ಕಣ್ಣೂ ಸಾಕ್ಷಿಗೆ ಬರುವುದಿಲ್ಲ. ಅವರದ್ದು ಕೊನೆಗೂ ಸರಿ ಉತ್ತರವೇ ಆಗಿದ್ದರೂ ದಾರಿ ತಪ್ಪು. ಸೊನ್ನೆ ಹಾಕಿಕೊಳ್ಳಲು ಅವರು ಒಂದು ಗಳಿಗೆಯೂ ತಡಮಾಡುತ್ತಿರಲಿಲ್ಲ.

ಜಗಲಿಯ ಕಡೆ ತಿರುಗಿ, ಗಟ್ಟಿಯಾಗಿ, "ಇದು ಬರೀ ಹುಳದ ಕೆಲಸ ಸರ್" ಅಂದೆ.

"ಏನಂದೆಯೇ?" ಎಂದು ಒಳಗಿನಿಂದ ಜಾನಕಮ್ಮನವರ ದನಿ ಬಂತು.

"ಏನಿಲ್ಲಮ್ಮ."

ಹುಳ ತಿಂದರೆ ಎಲೆ ತೂತಾಗುತ್ತದೆ, ಹೀಗೆ ಚುಕ್ಕೆಯಾಗುವುದಿಲ್ಲ. ಅದು ನನಗೂ ಗೊತ್ತು. ಯಾರಾದರೂ ಅಲ್ಲ ಅನ್ನಲಿ ಎಂದು, ಎಲೆ ಹಿಡಿದುಕೊಂಡೇ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.